ಗಡಿಗೆಯ ತಂಪು, ಪೇಟೆಂಟ್ ಮತ್ತು ಖಡಕ್ ರೊಟ್ಟಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎರಡು ಗಡಿಗೆಗಳ ನಡುವೆ ಉಸುಕು ತುಂಬಿ, ನೀರು ಹಾಕಿ, ಒಳಗೆ ಕಾಯಿಪಲ್ಯ ಇಡುತ್ತಿದ್ದೆವು. ಮೊದಲು ಚೆನ್ನಾಗಿ ತಂಪಾಗುತ್ತಿತ್ತು. ಚೆಂದ ಕಾಣಲೆಂದು ಹೊರಗೆ ಆಯಿಲ್ ಪೇಂಟ್ ಬಳಿದೆವು. ಈಗ ಮೆಂತೆಪಲ್ಯ ಸಂಜೆಗೇ ಬಾಡುತ್ತದೆ. ಏನು ಮಾಡಬೇಕು?
– ಗೃಹಿಣಿ, ಇಂಡಿ

ಉತ್ತರ: ಬಣ್ಣವೇ ತೊಂದರೆ. ಉಸುಕಿನ ನೀರು ಹೊರಗಡಿಗೆಯ ಸಣ್ಣ ರಂಧ್ರಗಳಿಂದ ಜಿನುಗಿ ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು. ಪೇಂಟ್ ಆ ರಂಧ್ರಗಳನ್ನು ಮುಚ್ಚಿದೆ. ಕೆರೆದರೂ ಒಳಹೊಕ್ಕ ಬಣ್ಣ ಪೂರ್ತಿ ಬರುವುದಿಲ್ಲ, ಹೊರಗಡಿಗೆಯನ್ನು ಬದಲಿಸಿ. ಒಳಗಿನದು ಹಾಗೇ ಇರಲಿ.

ಹೊಸ ಗಡಿಗೆ ಕೊಳ್ಳುವ ಮುನ್ನ ನೀರು ತುಂಬಿಸಿ ನೋಡಿ. ಒಂದೆರಡು ತಾಸಿನಲ್ಲಿ ಹೊರಮೈ ಒದ್ದೆಯಾಗಬೇಕು, ಆದರೆ ಹನಿ ತೊಟ್ಟಿಕ್ಕಬಾರದು. ತಳಕ್ಕೆ ಮೂರು ಬೆರಳು ಉಸುಕು ಹಾಕಿ ಒಳಗಡಿಗೆ ಕೂರಿಸಿ, ಸುತ್ತಲೂ ಎರಡು-ಮೂರು ಬೆರಳಿನಷ್ಟು ಸಂದು ಬಿಡಿ. ಜರಡಿ ಹಿಡಿದು ತೊಳೆದ ಉಸುಕನ್ನೇ ತುಂಬಿ. ಉಸುಕು ಸಿಗಲಿಲ್ಲವೆಂದು ಎರೆಮಣ್ಣು ಹಾಕಬೇಡಿ. ಅದು ನೆನೆದಾಗ ಉಬ್ಬಿ ಗಡಿಗೆಯನ್ನು ಸೀಳುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಬೆಳಿಗ್ಗೆ, ಸಂಜೆ ಉಸುಕು ನೆನೆಯುವಷ್ಟು ನೀರು ಹಾಕಿ, ಬಾಯಿಗೆ ಒದ್ದೆ ಗೋಣಿಬಟ್ಟೆ ಮುಚ್ಚಿ. ಗಾಳಿ ಆಡುವ ನೆರಳಿನಲ್ಲಿ, ನೆಲಕ್ಕೆ ತಾಗದಂತೆ ಕಬ್ಬಿಣದ ಸ್ಟ್ಯಾಂಡ್ ಮೇಲೆ ಇಡಿ. ಮುಚ್ಚಿದ ಅಡುಗೆಮನೆಯ ಮೂಲೆಯಲ್ಲಿಟ್ಟರೆ ಅರ್ಧ ಕೆಲಸವೂ ಆಗದು.

ಬೋರ್‌ವೆಲ್‌ನ ಸವಳು ನೀರಾದರೆ ಕೆಲವು ವಾರಗಳಲ್ಲಿ ಹೊರಮೈ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದೂ ಪೇಂಟ್‌ನಂತೆಯೇ ರಂಧ್ರ ಮುಚ್ಚುತ್ತದೆ. ಒಂದು ಪಾಲು ವಿನೆಗರ್‌ಗೆ ಮೂರು ಪಾಲು ನೀರು ಬೆರೆಸಿ, ಬಟ್ಟೆ ಅದ್ದಿ ಒಂದು ತಾಸು ಸುತ್ತಿಡಿ. ನಂತರ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಆರ್‌ಒ ಯಂತ್ರ ಹೊರಬಿಡುವ ನೀರನ್ನಂತೂ ಸುರಿಯಲೇಬೇಡಿ, ಅದರಲ್ಲಿ ಲವಣ ಇನ್ನೂ ಹೆಚ್ಚು.

ನಿಮ್ಮ ಒಣ ಬೇಸಿಗೆ ಈ ಸಾಧನಕ್ಕೆ ಹೇಳಿ ಮಾಡಿಸಿದ್ದು. ಹೊರಗೆ 40 ಡಿಗ್ರಿ, ಗಾಳಿಯ ತೇವಾಂಶ ಶೇ 20 ಇದ್ದರೆ ಆವಿಯಿಂದ ಉಷ್ಣತೆ ಹೆಚ್ಚೆಂದರೆ ಸುಮಾರು 22 ಡಿಗ್ರಿಗೆ ಇಳಿಯಬಹುದು. ಗಡಿಗೆ ಅದಕ್ಕಿಂತ ಕೆಲವು ಡಿಗ್ರಿ ಮೇಲೆ ನಿಲ್ಲುತ್ತದೆ. ಮಳೆಗಾಲದಲ್ಲಿ 28 ಡಿಗ್ರಿ, ಶೇ 85 ತೇವಾಂಶವಿದ್ದಾಗ ಎರಡು ಡಿಗ್ರಿಯಷ್ಟು ಇಳಿಯುವುದೂ ಕಷ್ಟ. ಆಗ ಉಸುಕು ತೆಗೆದು ಗಡಿಗೆ ಒಣಗಿಸಿಡಿ. ಹಾಲು, ಮಾಂಸಕ್ಕೆ ಈ ತಂಪು ಯಾವ ಕಾಲದಲ್ಲೂ ಸಾಲದು. ಬಾಳೆಹಣ್ಣು, ಹಣ್ಣಾದ ಟೊಮೆಟೊ ಜೊತೆಗಿದ್ದರೆ ಅವು ಬಿಡುವ ಎಥಿಲೀನ್ ಅನಿಲದಿಂದ ಸೊಪ್ಪು ಬೇಗ ಹಳದಿಯಾಗುತ್ತದೆ. ಬೇರೆ ಇಡಿ.

ಪ್ರಶ್ನೆ: ಇದೇ ಬಗೆಯ ಗಡಿಗೆಗೆ ನಲ್ಲಿ, ತಟ್ಟೆ ಸೇರಿಸಿ ಹೊಸ ಆಕಾರ ಕೊಟ್ಟಿದ್ದೇನೆ. ಪೇಟೆಂಟ್ ಸಿಗುವುದೇ?
– ಕುಂಬಾರಿಕೆ ಕಸುಬಿನವರು, ಖಾನಾಪುರ

ಉತ್ತರ: ತಂಪಾಗುವ ತತ್ವಕ್ಕೆ ಸಿಗದು. ನೈಜೀರಿಯಾದ ಮೊಹಮ್ಮದ್ ಬಾ ಅಬ್ಬಾ ಜೋಡಿ ಗಡಿಗೆಗಾಗಿ 2000ದಲ್ಲೇ ರೋಲೆಕ್ಸ್ ಪ್ರಶಸ್ತಿ ಪಡೆದಿದ್ದಾರೆ. ಗುಜರಾತಿನ ಮನ್ಸುಖ್‌ಭಾಯಿ ಪ್ರಜಾಪತಿಯವರ ಮಣ್ಣಿನ ಫ್ರಿಜ್ 'ಮಿಟ್ಟಿಕೂಲ್' ಮಾರುಕಟ್ಟೆಯಲ್ಲಿದೆ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಪಿ) ಕಲಮು ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಕೊಡುವುದಿಲ್ಲ. ಆದರೆ ಆಕಾರ ನಿಜಕ್ಕೂ ಹೊಸದಾಗಿದ್ದರೆ 2000ದ ಡಿಸೈನ್ಸ್ ಕಾಯ್ದೆಯಡಿ ನೋಂದಾಯಿಸಿ: 10 ವರ್ಷ ರಕ್ಷಣೆ, ಮತ್ತೆ 5 ವರ್ಷ ವಿಸ್ತರಣೆ. ಅರ್ಜಿ ಹಾಕುವ ತನಕ ಜಾತ್ರೆಯಲ್ಲಾಗಲಿ ವಾಟ್ಸ್‌ಆ್ಯಪ್‌ನಲ್ಲಾಗಲಿ ಫೋಟೊ ತೋರಿಸಬೇಡಿ. ಒಮ್ಮೆ ಬಹಿರಂಗವಾದರೆ 'ಹೊಸದು' ಎಂಬ ಹಕ್ಕೇ ಹೋಗುತ್ತದೆ. ಎಷ್ಟೋ ಒಳ್ಳೆಯ ಮಾದರಿಗಳು ಹೀಗೆಯೇ ಕೈತಪ್ಪುತ್ತವೆ.

ಪ್ರಶ್ನೆ: ನಮ್ಮ ಸಂಘದ ಖಡಕ್ ರೊಟ್ಟಿ ಮಳೆಗಾಲದಲ್ಲಿ ಪಾಕೀಟಿನೊಳಗೇ ಮೆತ್ತಗಾಗುತ್ತದೆ.
– ಮಹಿಳಾ ಸಂಘ, ಬಾಗಲಕೋಟೆ

ಉತ್ತರ: ಬಿಸಿ ಇರುವಾಗ ತುಂಬಿದರೆ ಒಳಗೇ ಹಬೆ ಕಟ್ಟುತ್ತದೆ, ರಾತ್ರಿಯಿಡೀ ಬಿಟ್ಟರೆ ಹೊರಗಿನ ತೇವ ಹೀರುತ್ತದೆ. ಬಿಸಿ ಆರಿದ ಕೂಡಲೇ ತುಂಬಿ. ತೆಳು ಕ್ಯಾರಿಬ್ಯಾಗ್ ಬೇಡ, ದಪ್ಪ ಪಾಲಿಪ್ರೊಪಿಲೀನ್ ಚೀಲಕ್ಕೆ ಹೀಟ್ ಸೀಲರ್ ಹಾಕಿ. ಚೀಲದ ಬಾಯಲ್ಲಿ ಹಿಟ್ಟು ಅಂಟಿದ್ದರೆ ಬೆಸುಗೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ, ಒಣಬಟ್ಟೆಯಿಂದ ಒರೆಸಿಕೊಳ್ಳಿ. ಪ್ರತಿ ಸರದಿಯಲ್ಲೂ ಒಂದು ಖಾಲಿ ಚೀಲಕ್ಕೆ ಗಾಳಿ ತುಂಬಿ, ಸೀಲ್ ಮಾಡಿ, ಬಕೆಟ್ ನೀರಿನಲ್ಲಿ ಅದುಮಿ ನೋಡಿ. ಗುಳ್ಳೆ ಎದ್ದರೆ ಸೀಲರ್‌ನ ಶಾಖ ಸಾಲುತ್ತಿಲ್ಲ, ಇಲ್ಲವೇ ಬಾಯಿ ಮಡಚಿಕೊಂಡಿದೆ.