ರಸ್ತೆ ಅಪಘಾತದಲ್ಲಿ ಕಾಲಿಗೆ 30% ಅಂಗವೈಕಲ್ಯವಾದರೆ ಪರಿಹಾರದ ಲೆಕ್ಕ ಹೇಗೆ?
ಹೆಚ್ಚಿನವರು ಎಡವುವುದು ವೈದ್ಯರ ಪ್ರಮಾಣಪತ್ರದಲ್ಲಿ. ಕಾಲಿನ 30% ಅಂದರೆ ಇಡೀ ದೇಹದ 30% ಅಲ್ಲ, ಗಳಿಕೆಯ ನಷ್ಟವಂತೂ ಅಲ್ಲವೇ ಅಲ್ಲ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ತೀರ್ಪಿನಂತೆ, ಗಾಯ ನಿಮ್ಮ ಕಸುಬಿಗೆ ಎಷ್ಟು ಅಡ್ಡಿ ಎಂಬುದೇ ಮುಖ್ಯ: ಗುಮಾಸ್ತನಿಗೆ 10% ಎನಿಸಿದ್ದು ಗಾರೆ ಕೆಲಸದವನಿಗೆ 60% ಆಗಬಹುದು. ವೈದ್ಯರು ಸಾಕ್ಷಿ ಹೇಳದಿದ್ದರೆ ಆ ಕಾಗದಕ್ಕೆ ಬೆಲೆ ಕಡಿಮೆ.

ಗಾರೆ ಕೆಲಸದವನ ವಯಸ್ಸು 32, ತಿಂಗಳ ಆದಾಯ 20,000 ರೂ. ಅನ್ನಿ. ಭವಿಷ್ಯದ ಏರಿಕೆ 40% ಸೇರಿ 28,000. ಅದನ್ನು 12ರಿಂದ, ಮತ್ತೆ ಆ ವಯಸ್ಸಿಗೆ ನಿಗದಿಯಾದ ಗುಣಕ 16ರಿಂದ ಗುಣಿಸಿ, ಬಂದದ್ದರ 60% ಲೆಕ್ಕ ಹಾಕಿದರೆ 32,25,600 ರೂ. ಸಾವಿನ ಪ್ರಕರಣದಂತೆ ಸ್ವಂತ ಖರ್ಚೆಂದು ಇಲ್ಲಿ ಕಳೆಯುವುದಿಲ್ಲ. ಆಸ್ಪತ್ರೆ ಬಿಲ್ಲು, ನೋವಿನ ಪರಿಹಾರ ಬೇರೆ. ನಿಮ್ಮ ನಿರ್ಲಕ್ಷ್ಯವೂ 20% ಎಂದಾದರೆ ಒಟ್ಟು ಮೊತ್ತದಲ್ಲಿ ಅಷ್ಟು ಕಡಿತ.