ನಿಮ್ಮ ಮೊದಲ ಪ್ರಾಶಸ್ತ್ಯ ಯಾವ ಪುಸ್ತಕಕ್ಕೆ?

ಓದುಗರ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ಮೇಡಂ, ನಾನು ಬಂಗಾರಪೇಟೆ ಹತ್ರ ಒಂದು ಹೈಸ್ಕೂಲಲ್ಲಿ ಸೈನ್ಸ್ ಮೇಷ್ಟ್ರು. ಸೈನ್ಸ್ ಫಿಕ್ಷನ್, ಫ್ಯಾಂಟಸಿಗೆ ಕೊಡೋ ಹ್ಯೂಗೋ ಪ್ರಶಸ್ತಿಗೆ 2016ರಲ್ಲಿ ನಾಮಿನೇಟ್ ಆಗಿದ್ದ ಐದೂ ಕಾದಂಬರಿ ಓದೇ ಓದ್ತೀನಿ ಅಂತ ಬೇಸಿಗೆ ರಜೆ ಪೂರ್ತಿ ಕೂತ್ಕೊಂಡೆ, ನಾಲ್ಕು ಮುಗೀತು, ಒಂದು ಅರ್ಧಕ್ಕೆ ನಿಂತಿದೆ. ನನ್ನ ಲಿಸ್ಟು ಹೀಗಿದೆ. ಮೊದಲನೇದು ನವೋಮಿ ನೋವಿಕ್ ಅವರ ಅಪ್‌ರೂಟೆಡ್, ಎರಡನೇದು ಎನ್.ಕೆ. ಜೆಮಿಸಿನ್ ಅವರ ದಿ ಫಿಫ್ತ್ ಸೀಸನ್, ಮೂರನೇದು ಜಿಮ್ ಬುಚರ್ ಅವರ ದಿ ಏರೋನಾಟ್ಸ್ ವಿಂಡ್‌ಲಾಸ್, ನಾಲ್ಕನೇದು ಆನ್ ಲೆಕಿ ಅವರ ಏನ್ಸಿಲರಿ ಮರ್ಸಿ, ಕೊನೇಗೆ ನೀಲ್ ಸ್ಟೀಫನ್‌ಸನ್ ಅವರ ಸೆವೆನ್‌ಈವ್ಸ್, ಅದೇ ಅರ್ಧಕ್ಕೆ ಬಿಟ್ಟಿದ್ದು, ಇನ್ನೂರು ಪುಟ ದಾಟಿದ್ರೂ ಬರೀ ಆರ್ಬಿಟ್ಟು ಲೆಕ್ಕಾಚಾರ. ನನ್ನ ಮಗಳು ಲಿಸ್ಟ್ ನೋಡಿ ಅಪ್ಪಾ ಇದು ತಲೆಕೆಳಗಾಗಿದೆ, ಫಿಫ್ತ್ ಸೀಸನ್ ಮೊದಲು ಬರ್ಬೇಕು ಅಂದ್ಲು. ನಾನು ಓದುವಾಗ ಎಷ್ಟು ಖುಷಿ ಆಯ್ತು ಅನ್ನೋದನ್ನ ಮಾತ್ರ ನೋಡಿ ನಂಬರ್ ಹಾಕಿದೀನಿ. ಅದು ತಪ್ಪಾ? ನಿಮ್ಮ ಲಿಸ್ಟ್ ಯಾವ್ದು? ಬಿಟ್ಟಿದ್ದನ್ನ ಮುಗಿಸ್ಲಾ ಬೇಡ್ವಾ?

ಉತ್ತರ: ಮೇಷ್ಟ್ರೇ, ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ಬಿಡ್ತೀನಿ, ಮುಗಿಸಿ, ದಯವಿಟ್ಟು ಮುಗಿಸಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಖುಷಿ ನೋಡಿ ನಂಬರ್ ಹಾಕೋದು ಖಂಡಿತ ತಪ್ಪಲ್ಲ, ಯಾಕಂದ್ರೆ ಹ್ಯೂಗೋದಲ್ಲಿ ನಡೆಯೋದೇ ಅದು. ಅಲ್ಲಿ ಜಡ್ಜುಗಳ ಕಮಿಟಿ ಇಲ್ಲ. ವರ್ಷ ವರ್ಷ ನಡೆಯೋ ವರ್ಲ್ಡ್ ಸೈನ್ಸ್ ಫಿಕ್ಷನ್ ಸಮ್ಮೇಳನಕ್ಕೆ ದುಡ್ಡು ಕಟ್ಟಿ ಮೆಂಬರ್ ಆದ ಓದುಗರೇ ನಾಮಿನೇಟ್ ಮಾಡ್ತಾರೆ, ಅವರೇ ಓಟ್ ಹಾಕ್ತಾರೆ, 1953ರಿಂದ ಇದೆ ಈ ಪ್ರಶಸ್ತಿ. ಓಟ್ ಹಾಕೋ ರೀತಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ಎಮ್ಮೆಲ್ಸಿ ಎಲೆಕ್ಷನ್ ಬಂದಾಗ ಬ್ಯಾಲಟ್ ಪೇಪರಲ್ಲಿ 1, 2, 3 ಅಂತ ಬರೀತೀರಲ್ಲ, ಅದೇ ಪ್ರಾಶಸ್ತ್ಯದ ಮತ. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರ್ಲಿಲ್ಲ ಅಂದ್ರೆ ಕೊನೇಲಿರೋ ಪುಸ್ತಕನ ತೆಗೆದು ಅದರ ಓಟನ್ನ ಆ ಓದುಗರ ಮುಂದಿನ ಪ್ರಾಶಸ್ತ್ಯಕ್ಕೆ ಹಂಚ್ತಾರೆ. ಜೊತೆಗೆ ‘ಯಾವುದಕ್ಕೂ ಪ್ರಶಸ್ತಿ ಬೇಡ’ ಅನ್ನೋದೂ ಲಿಸ್ಟಲ್ಲಿ ಒಬ್ಬ ಕ್ಯಾಂಡಿಡೇಟ್ ಥರ ನಿಂತಿರತ್ತೆ, ಅದಕ್ಕೂ ನಂಬರ್ ಹಾಕ್ಬಹುದು, ನಮ್ಮ ನೋಟಾ ಥರ ಸುಮ್ನೆ ಲೆಕ್ಕಕ್ಕಲ್ಲ, ಅದು ನಿಜವಾಗ್ಲೂ ಗೆಲ್ಲಬಹುದು. 2015ರಲ್ಲಿ ಐದು ವಿಭಾಗದಲ್ಲಿ ಅದೇ ಗೆದ್ದಿತ್ತು. ಹಾಗಾಗಿ ನೀವು ರಜೇಲಿ ನೋಟ್‌ಬುಕ್‌ನಲ್ಲಿ ಬರ್ಕೊಂಡಿದ್ದು ಪೂರ್ತಿ ಒಂದು ಬ್ಯಾಲಟ್ಟೇ.

ಈಗ ನನ್ನ ಲಿಸ್ಟು. ಫಿಫ್ತ್ ಸೀಸನ್, ಸೆವೆನ್‌ಈವ್ಸ್, ಅಪ್‌ರೂಟೆಡ್, ಏನ್ಸಿಲರಿ ಮರ್ಸಿ, ಏರೋನಾಟ್ಸ್ ವಿಂಡ್‌ಲಾಸ್. ನಿಮ್ಮ ಮಗಳ ಪಾರ್ಟಿ ನಾನು, ಬೇಜಾರ್ ಮಾಡ್ಕೋಬೇಡಿ.

ಫಿಫ್ತ್ ಸೀಸನ್ ನನಗೆ ಯಾಕೆ ಮೊದಲು ಅಂದ್ರೆ, ನಾನು ಹುಟ್ಟಿ ಬೆಳೆದಿದ್ದು ಕೆಜಿಎಫ್‌ನಲ್ಲಿ, ಆಂಡರ್ಸನ್‌ಪೇಟೇಲಿ. ಚಿಕ್ಕವಳಿದ್ದಾಗ ರಾತ್ರಿ ಇದ್ದಕ್ಕಿದ್ದಂಗೆ ನೆಲ ಒಂದ್ಸಲ ಗುಡುಗಿ ಅಡುಗೆಮನೆ ಸ್ಟ್ಯಾಂಡಲ್ಲಿರೋ ತಟ್ಟೆ ಲೋಟ ಎಲ್ಲಾ ಗಲಗಲ ಅಂತಿತ್ತು, ರಾಕ್‌ಬರ್ಸ್ಟ್ ಅದು, ಅಷ್ಟು ಆಳದಲ್ಲಿ ಮೇಲಿನ ಕಲ್ಲಿನ ಭಾರ ತಡೀಲಾರದೆ ಸುರಂಗದ ಪಕ್ಕದ ಬಂಡೆ ಸಿಡಿಯೋದು. ಅಮ್ಮ ಎದ್ದು ಮೊದಲು ಗೋಡೆ ಗಡಿಯಾರ ನೋಡೋಳು, ಮಾವ ಯಾವ ಶಿಫ್ಟಲ್ಲಿದ್ದಾರೆ ಅಂತ ಲೆಕ್ಕ ಹಾಕೋಕೆ. ಆಮೇಲೆ ಬೀದೀಲಿ ಎಲ್ಲಾ ಮನೆ ಲೈಟೂ ಹತ್ತೋದು. ಮೂರು ಕಿಲೋಮೀಟರಿಗಿಂತ ಆಳದ ಗಣಿ ಅದು, 2001ರಲ್ಲಿ ಮುಚ್ಚಿದ್ರು.

ಜೆಮಿಸಿನ್ ಕಟ್ಟಿರೋ ಲೋಕದಲ್ಲಿ ಭೂಮಿ ಹಾಗೆ ಸದಾ ಅಲುಗಾಡ್ತಾನೇ ಇರತ್ತೆ. ಕೆಲವು ಸಲ ಜೋರಾಗಿ ಬಿರಿದು ವರ್ಷಗಟ್ಟಲೆ ಬೂದಿ, ಕತ್ತಲೆ, ಬರ, ಅದಕ್ಕೇ ಅಲ್ಲಿ ‘ಐದನೇ ಕಾಲ’ ಅನ್ನೋ ಹೆಸರು. ಆ ಕಂಪನನ ಮನಸ್ಸಲ್ಲೇ ಹಿಡಿದು ನಿಲ್ಲಿಸೋ ಶಕ್ತಿ ಇರೋ ಜನ ಹುಟ್ತಾರೆ, ಅವರಿಲ್ಲ ಅಂದ್ರೆ ಊರು ಉಳಿಯಲ್ಲ, ಆದ್ರೂ ಊರೋರು ಅವ್ರನ್ನ ಕಂಡ್ರೆ ಹೆದರ್ತಾರೆ, ಕೊಲ್ತಾರೆ, ಇಲ್ಲಾ ಹಿಡ್ಕೊಂಡು ಹೋಗಿ ಪಳಗಿಸಿ ದುಡಿಸ್ತಾರೆ. ಕಥೆ ಶುರುವಾಗೋದೇ ಒಬ್ಬ ತಾಯಿ ಮನೆಗೆ ಬಂದು ತನ್ನ ಪುಟ್ಟ ಮಗನ ಹೆಣ ನೋಡೋದ್ರಿಂದ, ಕೊಂದಿರೋದು ಗಂಡನೇ, ಮಗನಿಗೆ ಆ ಶಕ್ತಿ ಇದೆ ಅಂತ ಗೊತ್ತಾಗಿ. ನಾವು ಭೂಮಿತಾಯಿ ಅಂತೀವಿ, ಬೆಳಿಗ್ಗೆ ಕಾಲಿಡೋ ಮುಂಚೆ ಕ್ಷಮಿಸಮ್ಮ ಅಂತ ಕೈ ಮುಗಿಯೋ ಮನೆತನಗಳು ಇವತ್ತಿಗೂ ಇವೆ. ಆ ಪುಸ್ತಕದಲ್ಲಿ ಭೂಮಿ ತಾಯಿ ಅಲ್ಲ, ತಂದೆ, ಅದೂ ಮನುಷ್ಯರ ಮೇಲೆ ಸಿಟ್ಟಿರೋ ತಂದೆ. ಅದನ್ನ ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನಮ್ಮೂರ ನೆನಪಿನಿಂದ ನಂಬರ್ ಹಾಕಿದ್ರಾ ಅಂತ ನೀವು ಕೇಳ್ಬಹುದು. ಅರ್ಧ ಹೌದು. ಇನ್ನರ್ಧ ಬರವಣಿಗೆಗೆ. ಆ ತಾಯಿ ಭಾಗ ಪೂರ್ತಿ ‘ನೀನು’ ಅಂತಾನೇ ಹೇಳಿದಾರೆ, ನೀನು ನಡೀತೀಯ, ನೀನು ಮಗನ ಪಕ್ಕ ಕೂತಿದೀಯ, ಹಿಂಗೆ. ಇಂಗ್ಲಿಷಲ್ಲಿ ಒಂದೇ ಪದ ಇರೋದ್ರಿಂದ ಅದು ಹತ್ತಿರದ ಮಾತೋ ದೂರದ ಮಾತೋ ಗೊತ್ತಾಗಲ್ಲ. ನಾನು ಓದ್ತಾ ಓದ್ತಾ ತಲೇಲೇ ಕನ್ನಡ ಮಾಡ್ಕೊತಿದ್ದೆ, ಮೊದಲ ಹತ್ತು ಪುಟ ‘ನೀವು’ ಅಂತ ಹೋಗಿದ್ದು ಆಮೇಲೆ ನನಗೇ ಗೊತ್ತಿಲ್ದಂಗೆ ‘ನೀನು’ ಆಗಿತ್ತು, ಮಗ ಸತ್ತಿರೋ ಹೆಂಗಸಿನ ಹತ್ರ ‘ನೀವು’ ಅಂತ ಮಾತಾಡೋಕೆ ಆಗ್ಲಿಲ್ಲ. ಆ ವರ್ಷ ಗೆದ್ದಿದ್ದೂ ಇದೇ. ಕಾದಂಬರಿ ವಿಭಾಗದ ಹ್ಯೂಗೋ ಕಪ್ಪು ಲೇಖಕರೊಬ್ಬರಿಗೆ ಸಿಕ್ಕಿದ್ದು ಅದೇ ಮೊದಲು, ಆಮೇಲೆ ಇದರ ಮುಂದಿನ ಎರಡು ಭಾಗಕ್ಕೂ 2017, 2018ರಲ್ಲಿ ಸಿಕ್ತು.

ಇನ್ನು ಸೆವೆನ್‌ಈವ್ಸ್. ನೀವು ಹೇಳೋದು ನಿಜ, ಚಂದ್ರ ಮೊದಲ ಸಾಲಲ್ಲೇ ಒಡೆದು ಹೋಗ್ತಾನೆ, ಆಮೇಲೆ ಸ್ಟೀಫನ್‌ಸನ್ ಇಂಜಿನಿಯರಿಂಗ್ ಕಾಲೇಜ್ ಲೆಕ್ಚರರ್ ಥರ ಬೋರ್ಡ್ ಹಿಡ್ಕೊಂಡು ನಿಂತ್ಬಿಡ್ತಾರೆ. ಆದ್ರೆ ಮೇಷ್ಟ್ರೇ, ನೀವು ಸೈನ್ಸ್ ಮೇಷ್ಟ್ರು, ಚೂರುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಇನ್ನಷ್ಟು ಚೂರಾಗಿ ಎರಡು ವರ್ಷದಲ್ಲಿ ಭೂಮಿ ಮೇಲೆ ಬೆಂಕಿ ಮಳೆ ಶುರುವಾಗತ್ತೆ, ಅದು ಸಾವಿರಾರು ವರ್ಷ ನಿಲ್ಲಲ್ಲ ಅನ್ನೋ ಲೆಕ್ಕನ ಟೆಂತ್ ಮಕ್ಕಳಿಗೆ ಒಂದ್ಸಲ ಹೇಳಿ ನೋಡಿ, ಕ್ಲಾಸ್ ಬಿಟ್ಟು ಯಾರೂ ಏಳಲ್ಲ. ಮತ್ತೆ ನೀವು ನಿಲ್ಲಿಸಿರೋ ಜಾಗ ಸರಿ ಇಲ್ಲ. ಕಥೇಲಿ ಡೈನಾ ಅನ್ನೋ ಹುಡುಗಿ ಬಾಹ್ಯಾಕಾಶ ನಿಲ್ದಾಣದಲ್ಲಿ ರೋಬೋಟ್ ಕೆಲಸ ಮಾಡ್ತಿರ್ತಾಳೆ, ಅವಳ ಅಪ್ಪ ಅಲಾಸ್ಕಾದಲ್ಲಿ ಗಣಿ ಕೆಲಸದೋರು. ಮಗಳು ಮೇಲೆ, ಅಪ್ಪ ಗಣಿ ಒಳಗೆ ಬಾಗಿಲು ಹಾಕ್ಕೊಂಡು ಬದುಕ್ತೀನಿ ಅಂತ ಹಠ ಹಿಡ್ದಿರೋರು, ಇಬ್ಬರ ಮಧ್ಯೆ ಮಾತು ನಡೆಯೋದು ಮೋರ್ಸ್ ಕೋಡಲ್ಲಿ, ಚುಕ್ಕೆ ಗೆರೆ ಚುಕ್ಕೆ ಗೆರೆ. ಆಕಾಶ ಉರಿಯೋಕೆ ಶುರುವಾಗೋ ಹೊತ್ತಿನ ಅವರ ಮಾತುಕತೆ ಇನ್ನೂ ನಿಮ್ಮ ಕೈಗೆ ಬಂದಿಲ್ಲ. ಅಲ್ಲೀವರೆಗಾದ್ರೂ ಓದಿ. ಮಗಳಿರೋ ಅಪ್ಪ ನೀವು.

ನನಗೆ ಆ ಪುಸ್ತಕದಲ್ಲಿ ಒಪ್ಪಿಗೆ ಆಗದೇ ಇರೋದು ಆರ್ಬಿಟ್ಟಲ್ಲ, ಗಣಿ. ಆರ್ಬಿಟ್ಟಿಗೆ ಅಷ್ಟು ಪುಟ ಕೊಟ್ಟೋರು ನೆಲದಡಿ ಬದುಕೋದಕ್ಕೆ ತೀರಾ ಕಮ್ಮಿ ಪುಟ ಕೊಟ್ಟಿದಾರೆ. ನಮ್ಮ ಕೆಜಿಎಫ್ ಗಣಿ ತಳದಲ್ಲಿ ಬಂಡೆ ಬಿಸಿ 60 ಡಿಗ್ರಿ ಮೇಲಿತ್ತು, ಮೇಲಿಂದ ತಣ್ಣನೆ ಗಾಳಿ ಬಿಡದೆ ಅಲ್ಲಿ ಕೆಲಸ ಮಾಡೋಕೆ ಆಗ್ತಿರ್ಲಿಲ್ಲ, ನೀರು ಹಗಲೂ ರಾತ್ರಿ ಪಂಪ್ ಮಾಡ್ಬೇಕಿತ್ತು, ಗಣಿ ಮುಚ್ಚಿ ಪಂಪ್ ನಿಲ್ಲಿಸಿದ ಮೇಲೆ ಸುರಂಗಗಳಲ್ಲೆಲ್ಲಾ ನೀರು ತುಂಬ್ಕೊಂತು. ಗಾಳಿ, ನೀರು, ಬಿಸಿ, ಈ ಮೂರರ ಕಥೆ ಬರೆದಿದ್ರೆ ಅದೇ ಇನ್ನೊಂದು ಕಾದಂಬರಿ ಆಗ್ತಿತ್ತು. ಇದೇ ಗಣಿ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ವಾತಾವರಣದಿಂದ ಬರೋ ನ್ಯೂಟ್ರಿನೋನ ಪತ್ತೆ ಮಾಡಿದ್ರು, ಆಕಾಶದಿಂದ ಬರೋ ಕಣ ಹುಡುಕೋಕೆ ನೆಲದ ಕೆಳಗೆ ಎರಡು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ರು, ಇದನ್ನೂ ಮಕ್ಕಳಿಗೆ ಹೇಳಿ, ಬಂಗಾರಪೇಟೆಯಿಂದ ಅದೆಷ್ಟು ದೂರ.

ಅಪ್‌ರೂಟೆಡ್ ನಿಮಗೆ ಯಾಕೆ ಮೊದಲು ಅಂತ ನನಗೆ ಅರ್ಥ ಆಗತ್ತೆ. ಹತ್ತು ವರ್ಷಕ್ಕೊಂದ್ಸಲ ಒಬ್ಬ ಹುಡುಗೀನ ಕರ್ಕೊಂಡು ಹೋಗೋ ಮಂತ್ರವಾದಿ, ಊರಂಚಲ್ಲಿ ಮನುಷ್ಯರನ್ನ ನುಂಗೋ ಕಾಡು, ಪೋಲೆಂಡಿನ ಅಜ್ಜಿ ಕಥೆ ವಾಸನೆ. ಮಂತ್ರ ಹಾಕೋದ್ರಲ್ಲಿ ಮಂತ್ರವಾದಿ ಸ್ವರ ಬರ್ಕೊಂಡು ಹಾಡೋ ಸಂಗೀತ ಮೇಷ್ಟ್ರ ಥರ, ಆ ಹುಡುಗಿ ಆಗ್ನಿಯೆಶ್ಕಾ ನಮ್ಮ ಕಡೆ ಸೋಬಾನೆ ಹೇಳೋ ಅಜ್ಜಿ ಥರ, ಬಾಯಿಗೆ ಬಂದಂಗೆ ಶುರು ಮಾಡಿ ದಾರೀಲಿ ಸರಿ ಮಾಡ್ಕೊಂಡು ಹೋಗ್ತಾಳೆ. ಅವಳು ಮತ್ತೆ ಕಾಸ್ಯಾ ಗೆಳೆತನದ ಭಾಗ ಐದೂ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟ ಆದ ಭಾಗ. ರಾಜಧಾನಿಗೆ ಹೋದ್ಮೇಲೆ ಮಾತ್ರ ಕಥೆ ಕಾಡಿನ ವಾಸನೆ ಕಳ್ಕೊಳತ್ತೆ, ಅಲ್ಲೇ ಎರಡು ಸ್ಥಾನ ಕೆಳಗಿಳೀತು. ನೆಬ್ಯುಲಾ ಅಂತ ಸೈನ್ಸ್ ಫಿಕ್ಷನ್, ಫ್ಯಾಂಟಸಿಗೆ ಇನ್ನೊಂದು ದೊಡ್ಡ ಪ್ರಶಸ್ತಿ ಇದೆ, ಆ ವರ್ಷ ಅದು ಇದಕ್ಕೇ ಸಿಕ್ತು, ಹಾಗಾಗಿ ನೀವು ಒಂಟಿ ಅಲ್ಲ.

ಏನ್ಸಿಲರಿ ಮರ್ಸಿ ಮೂರನೇ ಭಾಗ. ಮೊದಲೆರಡು ಓದದೆ ನಂಬರ್ ಹಾಕಿದ್ರೆ ಅದಕ್ಕೆ ಅನ್ಯಾಯ. ಆಕಾಶನೌಕೆಯ ಬುದ್ಧಿ ಒಂದೇ ಒಂದು ಮನುಷ್ಯ ಮೈಯಲ್ಲಿ ಉಳಿದುಕೊಂಡು ಕಥೆ ಹೇಳತ್ತೆ, ಅವರ ಭಾಷೇಲಿ ಗಂಡು ಹೆಣ್ಣು ಭೇದ ಇಲ್ಲ, ಹಾಗಾಗಿ ಎಲ್ಲರನ್ನೂ ‘ಅವಳು’ ಅಂತಾನೇ ಕರೆಯೋದು. ಇದನ್ನ ಕನ್ನಡಕ್ಕೆ ಹೇಗೆ ತರ್ತಾರೆ ಅಂತ ನಾನು ಎಷ್ಟೋ ದಿನ ಯೋಚಿಸಿದೀನಿ. ‘ಅವರು ಬಂದ್ರು’ ಅಂದ್ರೆ ಭೇದ ಹೋಗತ್ತೆ, ಆದ್ರೆ ಗೌರವ ಬಂದು ಕೂರತ್ತೆ, ಕ್ಯಾಪ್ಟನ್ ಒಬ್ಬಳು ಪುಟ್ಟ ಸಿಪಾಯಿ ಬಗ್ಗೆ ‘ಅವರು’ ಅನ್ನಲ್ಲ. ‘ಬಂದ’, ‘ಬಂದಳು’ ಅಂದ್ರೆ ಕ್ರಿಯಾಪದದ ಬಾಲದಲ್ಲೇ ಗುಟ್ಟು ರಟ್ಟಾಗತ್ತೆ. ಎಲ್ಲರಿಗೂ ‘ಬಂದಳು’ ಅಂತಾನೇ ಧೈರ್ಯವಾಗಿ ಬರೀಬೇಕು ಅನ್ನೋದು ನನ್ನ ಅಭಿಪ್ರಾಯ.

ಏರೋನಾಟ್ಸ್ ವಿಂಡ್‌ಲಾಸ್, ಹಾರೋ ಹಡಗು, ಮಾತಾಡೋ ಬೆಕ್ಕು, ಸಂತೋಷದ ಪುಸ್ತಕ, ಬೆಕ್ಕಿಗೋಸ್ಕರ ಇನ್ನೊಂದ್ಸಲ ಓದ್ತೀನಿ. ಆದ್ರೆ ಮುಗಿಸಿದ ಮಾರನೇ ದಿನಕ್ಕೆ ನನ್ನ ಜೊತೆ ಏನೂ ಉಳೀಲಿಲ್ಲ.

ಪ್ರಶ್ನೆ: ಅಕ್ಕಾ, ನಾನು ತುಮಕೂರಲ್ಲಿ ಬಿಎ ಓದ್ತಿದೀನಿ, ಕನ್ನಡ ಮೀಡಿಯಂ. ಈ ಥರ ಪುಸ್ತಕ ಓದ್ಬೇಕು ಅಂತ ಆಸೆ, ಇಂಗ್ಲಿಷ್ ಕಷ್ಟ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಮೇಲಿನ ಐದರಲ್ಲಿ ಅಪ್‌ರೂಟೆಡ್‌ನಿಂದ ಶುರು ಮಾಡಪ್ಪ. ಕಥೆ ಒಂದೇ ಬಾಯಲ್ಲಿ ನೇರವಾಗಿ ಹೋಗತ್ತೆ, ಹಳ್ಳಿ, ಕಾಡು, ಅಮ್ಮ, ಗೆಳತಿ, ಎಲ್ಲಾ ನಿನಗೆ ಗೊತ್ತಿರೋ ಸಾಮಾನೇ. ಗೊತ್ತಿಲ್ಲದ ಪದಕ್ಕೆಲ್ಲ ಡಿಕ್ಷನರಿ ತೆಗೀಬೇಡ, ಒಂದು ಪುಟಕ್ಕೆ ಎರಡು ಪದ ಸಾಕು. ಫಿಫ್ತ್ ಸೀಸನ್‌ನಲ್ಲಿ ಲೇಖಕಿಯೇ ಹುಟ್ಟಿಸಿದ ಪದಗಳು ತುಂಬಾ ಇವೆ, ಇಂಗ್ಲಿಷ್ ಬರೋರಿಗೂ ಮೊದಲ ಐವತ್ತು ಪುಟ ಕಷ್ಟವೇ, ಕೊನೇಲಿ ಪದಗಳ ಪಟ್ಟಿ ಕೊಟ್ಟಿದಾರೆ, ಅಲ್ಲೊಂದು ಬೆರಳು ಇಟ್ಕೊಂಡೇ ಓದು. ಅಷ್ಟರೊಳಗೆ ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಅವರ ವೈಜ್ಞಾನಿಕ ಕಥೆ ಕಾದಂಬರಿ ಲೈಬ್ರರೀಲಿ ಕೇಳಿ ನೋಡು. ಇಂಗ್ಲಿಷ್ ಬರೋವರ್ಗೂ ಈ ಲೋಕ ನನಗಲ್ಲ ಅಂತ ಕಾಯ್ತಾ ಕೂರಬೇಡ.

ಪ್ರಶ್ನೆ: ಚಿಂತಾಮಣಿಯಿಂದ. ಸಿರೀಸ್ ಪುಸ್ತಕ ಪೂರ್ತಿ ಬರೋವರ್ಗೂ ಕಾದು ಓದ್ಬೇಕಾ? ಅರ್ಧ ಓದಿ ವರ್ಷಗಟ್ಟಲೆ ಕಾಯೋದು ನನ್ನ ಕೈಲಾಗಲ್ಲ.

ಉತ್ತರ: ಈ ಐದರಲ್ಲಿ ನಿಮಗೆ ಆ ಭಯ ಒಂದಕ್ಕೆ ಮಾತ್ರ. ಅಪ್‌ರೂಟೆಡ್, ಸೆವೆನ್‌ಈವ್ಸ್ ಒಂದೊಂದೇ ಪುಸ್ತಕ. ಜೆಮಿಸಿನ್, ಲೆಕಿ ಇಬ್ಬರ ಮೂರು ಮೂರು ಭಾಗವೂ ಬಂದು ಮುಗಿದಿವೆ, ಲೆಕಿ ಅವರದ್ದು ಏನ್ಸಿಲರಿ ಜಸ್ಟಿಸ್‌ನಿಂದ ಶುರು ಮಾಡಿ, 2014ರ ಹ್ಯೂಗೋ ಅದಕ್ಕೇ ಸಿಕ್ಕಿದ್ದು. ಬುಚರ್ ಅವರದ್ದು 2015ರಲ್ಲಿ ಬಂತು, ಎರಡನೇ ಭಾಗ ಬರೋಕೆ 2023 ಆಯ್ತು. ಬೆಕ್ಕು ಇಷ್ಟ ಇದ್ರೆ ಈಗ ಎರಡೂ ಒಟ್ಟಿಗೆ ಓದ್ಬಹುದು.