ಬ್ರಿಟನ್ನಿನ ಪೈರೇಟ್ ರೇಡಿಯೊ, ಅಂದರೆ ಲೈಸೆನ್ಸ್ ಇಲ್ಲದೆ ಸಮುದ್ರದ ಹಡಗಿನಿಂದ ಹಾಡು ಹಾಕುತ್ತಿದ್ದ ಸ್ಟೇಷನ್‌ಗಳ ಬಗ್ಗೆ ಸೆಮಿನಾರ್ ಇದೆ. ‘ದಿ ಬೋಟ್ ದಟ್ ರಾಕ್ಡ್’ ಸಿನಿಮಾ ನೋಡಿದರೆ ಸಾಕಾ, ಪುಸ್ತಕ ಓದಲೇಬೇಕಾ?

ಇದೇ ವಿಷಯ, ಇದೇ ಸಿನಿಮಾ. ಮೈಸೂರಿನಲ್ಲಿ ಪತ್ರಿಕೋದ್ಯಮ ಎಂ.ಎ. ಓದುವಾಗ ನಾನೂ ಸೆಮಿನಾರಿಗೆ ಇದನ್ನೇ ಆರಿಸಿಕೊಂಡಿದ್ದೆ.

ರಿಚರ್ಡ್ ಕರ್ಟಿಸ್ ಅವರ ಈ 2009ರ ಸಿನಿಮಾವನ್ನು ಒಂದೇ ವಾರದಲ್ಲಿ ಮೂರು ಸಲ ನೋಡಿದೆ. ಸಮುದ್ರದ ಮಧ್ಯೆ ಹಳೇ ಹಡಗು, ಅದರಲ್ಲಿ ಹಗಲೂ ರಾತ್ರಿ ಹಾಡು ಹಾಕುವ ಡಿಜೆಗಳು. ಫಿಲಿಪ್ ಸೀಮೋರ್ ಹಾಫ್‌ಮನ್, ಬಿಲ್ ನೈ, ನಿಕ್ ಫ್ರಾಸ್ಟ್, ಒಬ್ಬರಿಗಿಂತ ಒಬ್ಬರು ಚೆನ್ನ. ಶುರುವಿನಲ್ಲೇ ಒಬ್ಬ ಪುಟ್ಟ ಹುಡುಗ ಮಲಗೋ ಹೊತ್ತಿಗೆ ಮನೆಯವರಿಗೆ ಗೊತ್ತಾಗದ ಹಾಗೆ ಟ್ರಾನ್ಸಿಸ್ಟರ್ ಹಾಕ್ತಾನೆ. ನನಗೆ ನಮ್ಮ ತಾತ ನೆನಪಾದರು. 1952ರಲ್ಲಿ ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಕಡಿಮೆಯಾಯ್ತಲ್ಲ, ಆಗ ಅವರು ರಾತ್ರಿ ಕೂತು ರೇಡಿಯೊ ಸಿಲೋನ್ ತಿರುಗಿಸುತ್ತಿದ್ದರಂತೆ.

ಈಗ ನನ್ನ ತಪ್ಪು ಹೇಳ್ತೀನಿ. ಸಿನಿಮಾದಲ್ಲಿ ಪೈರೇಟ್ ರೇಡಿಯೊ ನಿಲ್ಲಿಸುವ ಕಾನೂನು 1967ರ ಜನವರಿ 1ರ ಮಧ್ಯರಾತ್ರಿ ಜಾರಿಗೆ ಬರುತ್ತದೆ. ನಾನು ಆ ತಾರೀಕನ್ನು ಹಾಗೇ ಎತ್ತಿಕೊಂಡೆ. ಬಿಬಿಸಿಯ ಪಾಪ್ ಹಾಡಿನ ವಾಹಿನಿ ರೇಡಿಯೊ 1 ಶುರುವಾದದ್ದು 1967ರ ಸೆಪ್ಟೆಂಬರ್ 30. ಅದು ಸರಿಯಾಗಿಯೇ ಗೊತ್ತಿತ್ತು. ಜನವರಿಯಿಂದ ಸೆಪ್ಟೆಂಬರ್ ಕೊನೆಗೆ ಒಂಬತ್ತು ತಿಂಗಳು, ಅಲ್ವಾ? ಅಷ್ಟೂ ದಿನ ಬ್ರಿಟನ್ನಿನ ಹುಡುಗರಿಗೆ ಕೇಳೋಕೆ ಪಾಪ್ ಹಾಡೇ ಇರಲಿಲ್ಲ ಅಂತ ತೀರ್ಮಾನ ಮಾಡಿ, ‘ಒಂಬತ್ತು ತಿಂಗಳ ಮೌನ’ ಅಂತ ಇಡೀ ಸೆಮಿನಾರಿಗೆ ಹೆಸರಿಟ್ಟೆ. ಇಪ್ಪತ್ತು ಸ್ಲೈಡಿನಲ್ಲಿ ಹದಿನಾಲ್ಕು ಆ ಮೌನದ ಮೇಲೇ ನಿಂತಿದ್ದವು.

ಮೇಡಂ ಎರಡನೇ ಸ್ಲೈಡಿಗೇ ತಡೆದರು. ‘ಈ ತಾರೀಕು ಎಲ್ಲಿಂದ ಬಂತಪ್ಪಾ?’

ಕಾನೂನು ನಿಜವಾಗಿ ಜಾರಿಗೆ ಬಂದದ್ದು ಆಗಸ್ಟ್ 14ರ ಮಧ್ಯರಾತ್ರಿ. ಅಲ್ಲಿಂದ ಸೆಪ್ಟೆಂಬರ್ 30ಕ್ಕೆ ಏಳು ವಾರವೂ ಇಲ್ಲ. ಆ ಏಳು ವಾರವೂ ಮೌನ ಇರಲಿಲ್ಲ. ಹಡಗಿನ ಸ್ಟೇಷನ್‌ಗಳಲ್ಲಿ ರೇಡಿಯೊ ಲಂಡನ್ ಆಗಸ್ಟ್ 14ರ ಮಧ್ಯಾಹ್ನ 3 ಗಂಟೆಗೆ ಮುಚ್ಚಿತು, ನಿಜ. ಆದರೆ ರೇಡಿಯೊ ಕ್ಯಾರೊಲೈನ್‌ನಲ್ಲಿ ಜಾನಿ ವಾಕರ್, ರಾಬಿ ಡೇಲ್ ಅನ್ನೋ ಡಿಜೆಗಳಿಬ್ಬರೂ ಹಡಗು ಬಿಟ್ಟು ಇಳಿಯಲಿಲ್ಲ. ಮಧ್ಯರಾತ್ರಿ ದಾಟಿದ ಮೇಲೂ ಹಾಡು ಹಾಕುತ್ತಲೇ ಇದ್ದರು. ಒಂದು ತಾರೀಕು ತಪ್ಪಿದ್ದಕ್ಕೆ ಹದಿನಾಲ್ಕು ಸ್ಲೈಡ್ ಹೋಯಿತು. ಇಪ್ಪತ್ತೈದಕ್ಕೆ ಒಂಬತ್ತು ಅಂಕ ಬಂತು.

ಹಾಗಾಗಿ ಸಿನಿಮಾ ಸಾಕಾ, ಪುಸ್ತಕ ಬೇಕಾ ಅನ್ನೋ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಪುಸ್ತಕ ಓದಿಯೂ ಇದೇ ತಪ್ಪು ಮಾಡಬಹುದು. ಆ ಕಾನೂನು ಏನು ಮಾಡಿತು ಅಂತ ಮೊದಲು ತಿಳಿದುಕೊಳ್ಳಿ. ಹಡಗುಗಳು ಬ್ರಿಟನ್ನಿನ ಆಗಿನ ಮೂರು ಮೈಲಿ ಕಡಲ ಗಡಿಯಾಚೆ ನಿಂತಿರುತ್ತಿದ್ದವು. ಅಲ್ಲಿಗೆ ಹೋಗಿ ಹಿಡಿಯೋದು ಕಷ್ಟ. ಅದಕ್ಕೇ ಸರ್ಕಾರ ಅವುಗಳ ಅನ್ನಕ್ಕೆ ಕೈ ಹಾಕಿತು. ಬ್ರಿಟನ್ನಿನವರು ಅಲ್ಲಿ ಕೆಲಸ ಮಾಡುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ, ಊಟ, ಇಂಧನ ಸಾಗಿಸುವಂತಿಲ್ಲ. ಆಮೇಲೆ ಕ್ಯಾರೊಲೈನ್‌ಗೆ ಸಾಮಾನು ಬರುತ್ತಿದ್ದದ್ದು ಹಾಲೆಂಡಿನಿಂದ. ಕೊನೆಗೆ 1968ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿದ್ದು ಪೊಲೀಸರಲ್ಲ, ಬಾಕಿ. ಸಾಮಾನು ಸಾಗಿಸುತ್ತಿದ್ದ ಡಚ್ ಕಂಪನಿಯೇ ಬಾಕಿ ಹಣಕ್ಕಾಗಿ ಕ್ಯಾರೊಲೈನ್‌ಗಿದ್ದ ಎರಡೂ ಹಡಗನ್ನು ಎಳೆದುಕೊಂಡು ಹೋಯಿತು. ನನಗೆ ಇದು ಸಿನಿಮಾದ ಕೊನೆಗಿಂತ ಜಾಸ್ತಿ ನೋವು ಕೊಡುವ ಕಥೆ.

ಇನ್ನೊಂದು ಮಾತು. ಸಿನಿಮಾದಲ್ಲಿ ಹಡಗು ಮುಳುಗುವಾಗ ಕೇಳುಗರು ದೋಣಿ ತಗೊಂಡು ಬಂದು ಕಾಪಾಡುತ್ತಾರೆ. ನಾನು ಪ್ರತಿ ಸಲ ಅಳುವ ಜಾಗ ಅದು. ಆದರೆ ಕ್ಯಾರೊಲೈನ್‌ನ ‘ಮಿ ಅಮಿಗೊ’ ಹಡಗು ಮುಂದೆ ಮತ್ತೆ ಪ್ರಸಾರ ಶುರು ಮಾಡಿ, ಮುಳುಗಿದ್ದು 1980ರಲ್ಲಿ, ಬಿರುಗಾಳಿಗೆ ಸಿಕ್ಕಿ. ಲೈಫ್‌ಬೋಟಿನವರು ಬಂದು ಒಳಗಿದ್ದವರನ್ನೆಲ್ಲ ಇಳಿಸಿಕೊಂಡರು, ಅವರು ಸಾಕಿದ್ದ ಕ್ಯಾನರಿ ಹಕ್ಕಿಯನ್ನೂ.

ಸಿನಿಮಾ ಖಂಡಿತ ನೋಡಿ, ಸೆಮಿನಾರ್ ಮುಗಿದ ಮೇಲೆ. ‘ಪೈರೇಟ್ ರೇಡಿಯೊ’ ಅನ್ನೋ ಹೆಸರಿನ ಅಮೆರಿಕದ ಕತ್ತರಿಸಿದ ಪ್ರತಿ ಬೇಡ, ಪೂರ್ತಿ ಬ್ರಿಟಿಷ್ ಪ್ರತಿಯನ್ನೇ ಹುಡುಕಿ. ಅದಕ್ಕೂ ಮುಂಚೆ ರೇಡಿಯೊ ಲಂಡನ್‌ನ ಕೊನೆಯ ಗಂಟೆಯ ರೆಕಾರ್ಡಿಂಗ್ ಕೇಳಿ. ಇಯರ್‌ಫೋನ್ ಹಾಕಿಕೊಂಡು, ದೀಪ ಆರಿಸಿ ಕೇಳಿ. ಕೊನೆಗೆ ಬೀಟಲ್ಸ್‌ನ ‘ಎ ಡೇ ಇನ್ ದ ಲೈಫ್’ ಹಾಕುತ್ತಾರೆ. ನಿಮ್ಮ ಮೊದಲ ಸ್ಲೈಡ್ ಅಲ್ಲಿಂದಲೇ ಶುರು ಮಾಡಿ.